ಗುರುವಾರದ ಕಾಗದ

ಸಾಂ-ಫ್ಲೋರಿನ್ ತರಬೇತಿ ಶಿಬಿರ
ಭಾನುವಾರ, 20 ಫೆಬ್ರವರಿ 1977

ಪ್ರೀತಿಯ ಜಿನೆತ್,

ಅಂತೂ ಬಂದು ತಲುಪಿದೆ. ಮೂರು ರೈಲು, ಒಂದು ಬಸ್ಸು, ಕೊನೆಗೆ ಮಂಡಿಯವರೆಗಿನ ಹಿಮದಲ್ಲಿ ಅರ್ಧ ಗಂಟೆ ನಡಿಗೆ. ನನ್ನ ಕೆಟ್ಟ ಮೊಣಕಾಲು ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಲೇ ಬಂತು. ಗೇಟಿನಲ್ಲಿ ಕೂರುವ ಮದಾಂ ಬೊನ್‌ಫೂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಡುಗೆ ಕೆಲಸದೋರು ಹಿಂದಿನ ಬಾಗಿಲಿಂದ ಹೋಗ್ಬೇಕಮ್ಮ" ಎಂದಳು.

"ನಾನು ಕೋರ್ಸಿಗೆ ಬಂದಿರೋದು. ಹೆಸರು ಕಾರ್ಲಿಯೆ."

ಅವಳು ಪಟ್ಟಿ ತಿರುವಿ ಹಾಕಿ, "ಕಾರ್ಲಿಯೆ ಅಂತ ಒಬ್ರು ಇದಾರೆ. ನಿಮ್ಮ ಯಜಮಾನ್ರಾ?" ಎಂದಳು.

ಒಟ್ಟು ಇಪ್ಪತ್ನಾಲ್ಕು ಮಂದಿ, ಅದರಲ್ಲಿ ಇಪ್ಪತ್ತಮೂರು ಗಂಡಸರು. ನನಗೆ ಮಲಗಲು ಜಾಗವಿಲ್ಲದೆ ಗಾಯಾಳುಗಳ ಕೋಣೆಯಲ್ಲಿ ಒಂದು ಮಂಚ ಕೊಟ್ಟಿದ್ದಾರೆ. ಯಾರಿಗಾದರೂ ಕಾಲು ಉಳುಕಿದರೆ ನಾನು ಎದ್ದು ಜಾಗ ಬಿಡಬೇಕಂತೆ.

ಕೊರಗುತ್ತಿಲ್ಲ ಕಣೇ. ಹದಿನಾಲ್ಕನೇ ವಯಸ್ಸಿಗೆ ಹೊಲಿಗೆ ಕಾರ್ಖಾನೆಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಸೇರಿದವಳು ನಾನು. ದೇಶದ ನೀಲಿ ಅಂಗಿಯನ್ನು ಹನ್ನೊಂದು ಸಲ ತೊಟ್ಟೆ. ಇಪ್ಪತ್ತೆಂಟಕ್ಕೆ ಮೊಣಕಾಲು ಹೋಯಿತು. ಆಮೇಲಿನ ಮೂರು ವರ್ಷ ಲಾಂಬ್ರೆಕೂರಿನ ತಂಡವನ್ನು ನಡೆಸಿದ್ದು ನಾನೇ, ಆದರೆ ಪ್ರತಿ ಭಾನುವಾರ ಪಂದ್ಯದ ಹಾಳೆಯಲ್ಲಿ ಮ್ಯಾನೇಜರ್ ಎಂಬ ಜಾಗದಲ್ಲಿ ಬರೆದದ್ದು ಅಧ್ಯಕ್ಷ ಫ್ಲಾಮಾಂ ಅವರ ಹೆಸರು. ಚೆಂಡು ದುಂಡಗಿದೆ ಎನ್ನುವುದು ಬಿಟ್ಟರೆ ಆಟದ ಬಗ್ಗೆ ಅವರಿಗೆ ಬೇರೇನೂ ಗೊತ್ತಿಲ್ಲ. ಈ ಸಲ ಕಮಿಟಿ ಬಾಯಿಬಿಟ್ಟು ಹೇಳಿದೆ: ನಾನು ಇಲ್ಲಿಂದ ತರಬೇತುದಾರರ ಡಿಪ್ಲೊಮಾ ತರಬೇಕು, ತಂಡ ಮೊದಲ ದರ್ಜೆಯಲ್ಲಿ ಉಳಿಯಬೇಕು. ಎರಡೂ ಆದರೆ ಹಾಳೆಯ ಮೇಲೆ ನನ್ನ ಹೆಸರು, ಸಂಬಳದ ಕೆಲಸ. ಒಂದು ತಪ್ಪಿದರೂ ತಂಡ ಲೂಸ್ಯಾಂ ಬೊಕೆಯ ಕೈಗೆ. ಗಂಡಸರ ಮೂರನೇ ತಂಡವನ್ನು ಕೆಳಗಿನ ದರ್ಜೆಗೆ ಇಳಿಸಿದ ಪುಣ್ಯಾತ್ಮನ ಕೈಗೆ.

ಇಲ್ಲಿ ಹನ್ನೆರಡು ವಾರ. ಫೋನು ಕಚೇರಿಯಲ್ಲಿ ಒಂದೇ, ಅದೂ ಸತ್ತರೆ ಕೆಟ್ಟರೆ ಮಾತ್ರ. ನಿನ್ನ ಮನೆಯಲ್ಲಿ ಫೋನಿಲ್ಲ, ಫ್ಲಾಮಾಂ ಅವರ ಕಾಫಿ ಅಂಗಡಿಯಲ್ಲಿ ಫೋನಿದೆ, ಆದರೆ ಅದರ ಪಕ್ಕದ ಮೇಜಿನಲ್ಲೇ ಬೊಕೆ ಬೀರು ಹಿಡಿದು ಕೂತಿರುತ್ತಾನೆ. ಹಾಗಾಗಿ ನಾನು ಪ್ರತಿ ಬುಧವಾರ ತಂಡವನ್ನು ಬರೆದು ಅಂಚೆಗೆ ಹಾಕುತ್ತೇನೆ, ಶುಕ್ರವಾರ ನಿನಗೆ ಸಿಗುತ್ತದೆ, ಭಾನುವಾರ ನೀನು ಬಟ್ಟೆ ಬದಲಿಸುವ ಕೋಣೆಯಲ್ಲಿ ಓದಿ ಹೇಳು. ನೀನು ನಾಯಕಿ, ಗೋಲ್‌ಕೀಪರ್, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು. ನಿನ್ನ ಮಾತಿಗೆ ಅವರು ಎದುರಾಡುವುದಿಲ್ಲ.

ನಿನ್ನ
ಎದ್ವಿಜ್

---

ಲಾಂಬ್ರೆಕೂರ್
ಸೋಮವಾರ, 28 ಫೆಬ್ರವರಿ

ಪ್ರೀತಿಯ ಎದ್ವಿಜ್,

ಸೊನ್ನೆ-ಸೊನ್ನೆ. ನಿನಗೆ ಮೊದಲು ಬೇಕಾದದ್ದು ಅದೇ ಎಂದು ಮೊದಲೇ ಬರೆದೆ. ಒಂದು ಅಂಕ ಬಂತು. ಕೊನೆಯ ಹತ್ತು ನಿಮಿಷ ಚೆಂಡು ನಮ್ಮ ಗೋಲಿನ ಮುಂದೆಯೇ ಬಿಡಾರ ಹೂಡಿತ್ತು. ಒಂದು ಸಲ ಕಂಬಕ್ಕೆ ಬಡಿದು ಬಂದಾಗ ನಾನು ಕಂಬಕ್ಕೆ ಮುತ್ತು ಕೊಟ್ಟೆ, ಸುಳ್ಳಲ್ಲ.

ನಿನ್ನ ಕಾಗದ ಓದಿದ ಕಥೆ ಕೇಳು. ನಾನು ಬೆಂಚಿನ ಮೇಲೆ ಕೂತೇ ಓದಲು ಶುರು ಮಾಡಿದೆ. ಜೋಸ್ಯಾನ್ ಬಿಡಬೇಕಲ್ಲ. "ಎದ್ದು ನಿಂತ್ಕೊಂಡು ಓದೇ, ಚರ್ಚಲ್ಲಿ ಪಾದ್ರಿ ಓದಲ್ವಾ ಹಂಗೆ!" ಎಂದಳು. ನಿಂತೆ. ಒಂದೊಂದು ಹೆಸರಿಗೂ ಎಲ್ಲರೂ ಸೇರಿ "ಆಮೆನ್" ಎಂದರು. ನೀನು ಜೋಸ್ಯಾನ್ ಬಗ್ಗೆ "ಚೆಂಡು ಬಿಟ್ಟು ಬಾಯಿ ಓಡಿಸುತ್ತಾಳೆ" ಎಂದು ಬರೆದಿದ್ದೆಯಲ್ಲ, ಅದನ್ನೂ ಓದಿಬಿಟ್ಟೆ. ಅವಳು ಮಾತ್ರ ಆಮೆನ್ ಅನ್ನಲಿಲ್ಲ.

ಬೊಕೆ ಹೊಸ ಟ್ರ್ಯಾಕ್ ಸೂಟು ಹೊಲಿಸಿಕೊಂಡಿದ್ದಾನೆ. ಕಟಾಂಜನದ ಆಚೆಯಿಂದ, "ಏನ್ ಜಿನೆತ್, ನಿಮ್ಮ ಮ್ಯಾನೇಜರಮ್ಮ ಸ್ಟಾಂಪ್ ಅಂಟಿಸ್ಕೊಂಡು ಬರ್ತಾರಂತೆ?" ಎಂದ. "ಹೌದು ಕಣಯ್ಯ, ನಿನ್ನ ತೂಕಕ್ಕಾದ್ರೆ ಸ್ಟಾಂಪೇ ಸಾಕಾಗಲ್ಲ" ಎಂದೆ. ನನ್ನ ಗಂಡ ರಾವುಲ್ ಅಷ್ಟಕ್ಕೇ ನಕ್ಕು ನಕ್ಕು ಕೆಮ್ಮಿದ.

ಆ ಪೋಲಿಷ್ ಹುಡುಗಿ ವಾಂಡಾ ಪ್ರಿಬಿಲ್ಸ್ಕಿ ಬದಲಿ ಆಟಗಾರ್ತಿಯರ ಬೆಂಚಿನ ಪಕ್ಕ ನಿಂತು ಉಗುರು ಕಚ್ಚುತ್ತಿದ್ದಳು. ಹದಿನೈದು ವರ್ಷ, ಗಾಳಿ ಹಾಗೆ ಓಡುತ್ತಾಳೆ. ಅವರಮ್ಮ ಗಸಗಸೆ ತುಂಬಿದ ಕೇಕು ಕಳಿಸಿದ್ದರು. ಎದುರು ತಂಡದವರಿಗೆ ಒಂದು ಚೂರೂ ಉಳಿಯಲಿಲ್ಲ, ಅತಿಥಿಗಳ ಮುಂದೆ ನಮ್ಮ ಮರ್ಯಾದೆ ಹೋಯಿತು.

ನನಗೆ ಮೂವತ್ತೇಳು ಎಂದು ನೀನೇ ನೆನಪು ಮಾಡಿದ್ದೀಯ, ಥ್ಯಾಂಕ್ಸ್. ಇದೇ ನನ್ನ ಕೊನೆಯ ಸೀಸನ್. ಮೇ ಹದಿನೈದರ ಕೊನೆಯ ಪಂದ್ಯ ನಮ್ಮೂರಲ್ಲೇ ಅಲ್ಲವಾ, ಅದಕ್ಕೆ ಸಮುದ್ರದ ಊರಿನಿಂದ ಅಕ್ಕನನ್ನೂ ಕರೆಸುತ್ತೇನೆ. ಹತ್ತೊಂಬತ್ತು ವರ್ಷ ಗೋಲಿನಲ್ಲಿ ನಿಂತವಳು ಹೇಗೆ ಹೊರಗೆ ಬರುತ್ತಾಳೆ ಎಂದು ಅವಳೂ ಒಮ್ಮೆ ನೋಡಲಿ.

ನಿನ್ನ ಮೊಣಕಾಲಿಗೆ ನನ್ನ ನಮಸ್ಕಾರ ಹೇಳು.

ಜಿನೆತ್

---

ಶಿಬಿರ
ಬುಧವಾರ, 9 ಮಾರ್ಚ್

ಪ್ರೀತಿಯ ಜಿನೆತ್,

ಇಲ್ಲಿ ಎಲ್ಲ ಚೆನ್ನಾಗಿ ನಡೆದಿದೆ. ಪಾಠಗಳು ಸುಲಭ, ಗಂಡಸರು ಸಭ್ಯರು, ಊಟ ಪರವಾಗಿಲ್ಲ. ನನ್ನ ಬಗ್ಗೆ ಚಿಂತೆ ಮಾಡಬೇಡ.

ಭಾನುವಾರದ ತಂಡ ಹಿಂದಿನ ವಾರದ್ದೇ, ಒಂದು ಬದಲಾವಣೆ. ಎಡಗಡೆ ಮುಂದೆ ವಾಂಡಾ ಆಡಲಿ. ಹೌದು, ಮೊದಲ ನಿಮಿಷದಿಂದಲೇ. ಆ ತಂಡದ ಬಲಗಡೆಯ ಹುಡುಗಿ ಹಿಂದಕ್ಕೆ ತಿರುಗಲು ಒಂದು ದಿನ ತಗೊಳ್ಳುತ್ತಾಳೆ. ಹದಿನಾರು ತುಂಬದವರು ದೊಡ್ಡವರ ಜೊತೆ ಆಡಲು ಆಟಗಾರ್ತಿಯ ಕಾರ್ಡಿನ ಹಿಂದೆ ವಿಶೇಷ ಮುದ್ರೆ ಬೇಕು ಎಂದು ನಿನಗೆ ಅನುಮಾನ ಬಂದೀತು. ವೈದ್ಯರಿಂದ ಕಾಗದ ಮಾಡಿಸಿ, ಹೊರಡುವ ಮೊದಲೇ ಪ್ರಾಂತ ಫುಟ್‌ಬಾಲ್ ಸಂಘಕ್ಕೆ ಕಳಿಸಿದ್ದೇನೆ. ಅವರ ರಿಜಿಸ್ಟರಿನಲ್ಲಿ ಈಗಾಗಲೇ ಬಿದ್ದಿರುತ್ತದೆ. ಕಾರ್ಡಿಗೆ ಆಮೇಲೆ ಒತ್ತಿಸಿದರಾಯಿತು. ಧೈರ್ಯವಾಗಿ ಆಡಿಸು.

ನಿನ್ನ
ಎದ್ವಿಜ್

---

ಶಿಬಿರ
ಗುರುವಾರ, 10 ಮಾರ್ಚ್, ಸಂಜೆ

ಜಿನೆತ್,

ವಾಂಡಾಳನ್ನು ಆಡಿಸಬೇಡ. ಈಗ ತಾನೇ ಅಂಗರಚನೆಯ ನೋಟ್ಸು ಹುಡುಕುವಾಗ ವೈದ್ಯರ ಕಾಗದ ಸಿಕ್ಕಿತು. ಮಡಿಸಿಟ್ಟಲ್ಲೇ, ನನ್ನ ಪೆಟ್ಟಿಗೆಯ ತಳದಲ್ಲಿ. ನಾನು ಕಳಿಸಿಯೇ ಇಲ್ಲ.

ಕಾಫಿ ಅಂಗಡಿಗೆ ಫೋನು ಮಾಡೋಣ ಎಂದು ಕಚೇರಿಯವರೆಗೂ ಹೋಗಿ ವಾಪಸ್ ಬಂದೆ. ಅಲ್ಲಿ ಬೊಕೆ ಕೂತಿರುತ್ತಾನೆ. ಇಂಥ ಮರೆವು ಅವನ ಕಿವಿಗೆ ಬಿದ್ದರೆ ಮುಗಿಯಿತು. ಈ ಕಾಗದ ಶನಿವಾರದೊಳಗೆ ನಿನ್ನ ಕೈಗೆ ಬರುತ್ತದೆ, ಅಷ್ಟು ಸಾಕು. ಎಡಗಡೆ ಮೊದಲಿನವಳೇ ಆಡಲಿ. ವೈದ್ಯರ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಸಂಘಕ್ಕೆ ತಲುಪಿಸು.

ಎದ್ವಿಜ್

---

ಲಾಂಬ್ರೆಕೂರ್
ಸೋಮವಾರ, 14 ಮಾರ್ಚ್

ಎದ್ವಿಜ್,

ಎರಡು-ಒಂದು, ನಾವು ಗೆದ್ದೆವು. ಎರಡೂ ಗೋಲು ವಾಂಡಾಳದು.

ಆಟಕ್ಕೆ ಮುಂಚೆ ಕಾರ್ಡು ನೋಡುವಾಗ ಎದುರು ತಂಡದ ನಾಯಕಿ ವಾಂಡಾಳ ಕಾರ್ಡನ್ನು ಹಿಂದೆ ತಿರುಗಿಸಿ ನೋಡಿದಳು, ಪೆನ್ನು ಕೇಳಿ ಪಂದ್ಯದ ಹಾಳೆಯ ಹಿಂದೆ ನಾಲ್ಕು ಸಾಲು ಆಕ್ಷೇಪ ಬರೆದಳು. ಆಟ ಮುಗಿದ ಮೇಲೆ ನಮ್ಮ ಮೇಜಿಗೇ ಕೂತು ಸೂಪು ಕುಡಿದು, ಎರಡನೇ ಸಲ ಹಾಕಿಸಿಕೊಂಡು ಹೋದಳು. ಆಕ್ಷೇಪ ಪ್ರಾಂತ ಸಂಘಕ್ಕೆ ಹೋಗಿದೆ. ಪಂದ್ಯ ನಮ್ಮ ಕೈತಪ್ಪುತ್ತದೆ ಎನ್ನುತ್ತಾರೆ.

ಹುಡುಗಿಯನ್ನು ಆಡಿಸಿದ್ದು ನಾನು. ನಿನ್ನ ಗುರುವಾರದ ಕಾಗದ ಕೈಸೇರಿದೆ. ಅದರ ಬಗ್ಗೆ ಈಗ ಮಾತು ಬೇಡ. ನೀನು ಪರೀಕ್ಷೆಗೆ ಓದಿಕೋ.

ಜಿನೆತ್

---

ಶಿಬಿರ
ಬುಧವಾರ, 16 ಮಾರ್ಚ್

ಜಿನೆತ್,

ಮಾತು ಬೇಡವಂತೆ! ಯಾಕೆ ಬೇಡ? ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದೆ. ಓದಿದೆ, ಮಡಿಸಿ ಇಟ್ಟೆ, ಆಮೇಲೂ ಆಡಿಸಿದೆ. ಹತ್ತೊಂಬತ್ತು ವರ್ಷ ಗೋಲಿನಲ್ಲಿ ಒಬ್ಬಳೇ ನಿಂತು ನಿಂತು ನಿನಗೆ ಮೈದಾನದಲ್ಲಿ ಇರುವವಳು ತಾನೊಬ್ಬಳೇ ಅನ್ನಿಸಿಬಿಟ್ಟಿದೆ. ಇನ್ನೊಬ್ಬರ ಮಾತು ನಿನ್ನ ಕಿವಿಗೆ ಯಾವತ್ತು ಬಿದ್ದಿದೆ?

ಇಲ್ಲಿ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೇನೆ. ಚೆನ್ನಾಗಿದೆ ಎಂದು ಬರೆದದ್ದೆಲ್ಲ ಸುಳ್ಳು. ಅಂಗರಚನೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ನನ್ನದು. ನಾನು ಸೀಟಿ ಊದಿದರೆ ಹಿಂದಿನ ಸಾಲಿನವರು ಕೋಳಿ ಕೂಗಿದಂತೆ ಕೂಗುತ್ತಾರೆ. ಇದನ್ನೆಲ್ಲ ತಡೆದುಕೊಂಡದ್ದು ಆ ಹಾಳೆಯ ಮೇಲೆ ನನ್ನ ಹೆಸರು ಬರೆಯಲಿ ಎಂದು. ಅದನ್ನು ನೀನು ಒಂದು ಮಧ್ಯಾಹ್ನದಲ್ಲಿ ನೀರಿಗೆ ಹಾಕಿದೆ. ಒಂದೊಂದು ಸಲ ಅನ್ನಿಸುತ್ತದೆ, ನಾನು ಮ್ಯಾನೇಜರ್ ಆಗುವುದು ನಿನಗೆ ಹೊಟ್ಟೆಯುರಿಯೇನೋ ಎಂದು.

ಸಂಘದವರು ನಿನ್ನನ್ನು ಹೊರಗೆ ಕೂರಿಸಿದರೆ ತಕ್ಕ ಶಾಸ್ತಿ ಎನ್ನುತ್ತೇನೆ.

ಎದ್ವಿಜ್ ಕಾರ್ಲಿಯೆ

---

ಲಾಂಬ್ರೆಕೂರ್
ಸೋಮವಾರ, 4 ಏಪ್ರಿಲ್

ಎದ್ವಿಜ್,

ತೀರ್ಪು ಬಂತು. ಮಾರ್ಚ್ ಹದಿಮೂರರ ಪಂದ್ಯ ಕಾಗದದ ಮೇಲೆ ಸೋತೆವು. ಮುದ್ರೆಯಿಲ್ಲದ ಹುಡುಗಿಯನ್ನು ಆಡಿಸಿದ್ದಕ್ಕೆ ಸೀಸನ್ ಮುಗಿಯುವವರೆಗೆ ನನಗೆ ನಿಷೇಧ. ನಾಯಕಿ ಇನ್ನು ಮೇಲೆ ಜೋಸ್ಯಾನ್, ತಂಡದ ಕಾಗದವನ್ನು ಅವಳ ವಿಳಾಸಕ್ಕೆ ಕಳಿಸು. ವೈದ್ಯರ ಕಾಗದವನ್ನು ನಾನೇ ಸಂಘಕ್ಕೆ ಒಯ್ದು ಕೊಟ್ಟೆ. ವಾಂಡಾ ಈಗ ನ್ಯಾಯವಾಗಿ ಆಡಬಹುದು.

ಜಿನೆತ್ ವಾತ್ರೆಲೊ

---

ಶಿಬಿರ
ಬುಧವಾರ, 6 ಏಪ್ರಿಲ್

ಜಿನೆತ್,

ಸುದ್ದಿ ತಿಳಿಯಿತು. ಸಂತೋಷವೇನೂ ಆಗಲಿಲ್ಲ, ಆದರೆ ನಿಯಮ ನಿಯಮವೇ. ನಾಯಕಿಯ ತೋಳಪಟ್ಟಿಯನ್ನು ಜೋಸ್ಯಾನ್‌ಗೆ, ಕೈಗವಸನ್ನು ಬದಲಿ ಗೋಲ್‌ಕೀಪರ್‌ಗೆ ಕೊಟ್ಟುಬಿಡು. ರಾವುಲ್‌ಗೆ ನಮಸ್ಕಾರ.

ಎ. ಕಾರ್ಲಿಯೆ

---

ಶಿಬಿರ
ಶನಿವಾರ, 23 ಏಪ್ರಿಲ್

ಜಿನೆತ್, ಜಿನೆತ್,

ಈ ಕಾಗದವನ್ನು ಮೂರು ಸಲ ಬರೆದು ಹರಿದು ಹಾಕಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಹೋದ ವಾರ ಬುಧವಾರ ಬರವಣಿಗೆಯ ಪರೀಕ್ಷೆ ಇತ್ತು. ತಂಡದ ಕಾಗದ ಬರೆಯಲು ಆಗಲಿಲ್ಲ, ಗುರುವಾರ ಸಂಜೆ ಬರೆದು ಡಬ್ಬಿಗೆ ಹಾಕಿದೆ. ಮೊನ್ನೆ ಜೋಸ್ಯಾನ್‌ಳ ಉತ್ತರ ಬಂತು. "ನಿಮ್ಮ ಕಾಗದ ಬಂದಿದ್ದು ಸೋಮವಾರ. ಭಾನುವಾರ ಹಳೇ ಕಾಗದವನ್ನೇ ಓದಿದೆ, ಬೇರೇನು ಮಾಡಲಿ?" ಎಂದು ಬರೆದಿದ್ದಾಳೆ.

ಓದಿದವಳೇ ನೇರವಾಗಿ ಗೇಟಿಗೆ ಹೋಗಿ ಮದಾಂ ಬೊನ್‌ಫೂಳನ್ನು ಕೇಳಿದೆ.

"ಗುರುವಾರದ ಅಂಚೆ ಎಷ್ಟೊತ್ತಿಗೆ ಹೋಗುತ್ತೆ?"

"ಬೆಳಿಗ್ಗೆ ಹತ್ತಕ್ಕೆ. ಆಮೇಲೆ ಹಾಕಿದ್ದೆಲ್ಲ ಶನಿವಾರವೇ. ಶುಕ್ರವಾರ ಈ ಗುಡ್ಡಕ್ಕೆ ವ್ಯಾನು ಹತ್ತಲ್ಲ."

"ಯಾರೂ ಹೇಳಲಿಲ್ಲವಲ್ಲ!"

"ನೀವು ಕೇಳಲಿಲ್ಲವಲ್ಲಮ್ಮ. ಉಳಿದ ಇಪ್ಪತ್ತಮೂರು ಜನಾನೂ ಮೊದಲನೇ ದಿನವೇ ಕೇಳಿದ್ರು."

ನನ್ನ ಆ ಗುರುವಾರದ ಕಾಗದ ನಿನಗೆ ಸಿಕ್ಕಿದ್ದು ಸೋಮವಾರ. ಪಂದ್ಯ ಮುಗಿದ ಮರುದಿನ. ನೀನು ನನ್ನ ಬುಧವಾರದ ಮಾತಿನಂತೆ ನಡೆದೆ, ಅಷ್ಟೇ. ಧೈರ್ಯವಾಗಿ ಆಡಿಸು ಎಂದವಳು ನಾನು, ಕಾಗದ ಮರೆತವಳು ನಾನು, ಬೊಕೆಯ ಕಿವಿಗೆ ಹೆದರಿ ಫೋನು ಮುಟ್ಟದೆ ವಾಪಸ್ ಬಂದವಳೂ ನಾನು. ಅಷ್ಟು ಸಾಲದೆಂದು ನಿನಗೆ ಬೈದೆ. ಎಂಥ ಮಾತು ಬರೆದೆ! ನೆನಪಾದಾಗಲೆಲ್ಲ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕ್ಷಮಿಸು ಜಿನೆತ್. ಯಾಕೆ ನನಗೆ ಹೇಳಲಿಲ್ಲ?

ಇದರ ಜೊತೆ ಪ್ರಾಂತ ಸಂಘಕ್ಕೆ ಒಂದು ತಪ್ಪೊಪ್ಪಿಗೆ ಇಟ್ಟಿದ್ದೇನೆ. ನಿಷೇಧ ಇರುವವರ ಸಹಿ ಇಲ್ಲದೆ ಅವರು ಮೇಲ್ಮನವಿ ತೆಗೆದುಕೊಳ್ಳುವುದಿಲ್ಲ, ನಿನ್ನ ಸಹಿ ಹಾಕಿ ಕೊಟ್ಟು ಬಾ. ನಿಷೇಧ ನನ್ನ ಮೇಲೆ ಬೀಳಲಿ. ಮೇ ಹದಿನೈದಕ್ಕೆ ಗೋಲಿನಲ್ಲಿ ನೀನೇ ನಿಲ್ಲಬೇಕು.

ನಿನ್ನ
ಎದ್ವಿಜ್

---

ಲಾಂಬ್ರೆಕೂರ್
ಶುಕ್ರವಾರ, 29 ಏಪ್ರಿಲ್

ಎದ್ವಿಜ್,

ನಿನ್ನ ತಪ್ಪೊಪ್ಪಿಗೆಯನ್ನು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು, ಅದರ ಮೇಲೆ ಕಾಫಿ ಬಿಸಿ ಮಾಡಿಕೊಂಡೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಆ ಸೋಮವಾರ ಕಮಿಟಿ ಕರೆಸಿತು. ಫ್ಲಾಮಾಂ ಮಧ್ಯದಲ್ಲಿ, ಬೊಕೆ ಅವರ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಿನ್ನ ಎರಡೂ ಕಾಗದ ನನ್ನ ಕೋಟಿನ ಜೇಬಿನಲ್ಲೇ ಇದ್ದವು.

"ಆ ಹುಡುಗೀನ ಆಡ್ಸು ಅಂತ ಯಾರು ಹೇಳಿದ್ದು? ಎದ್ವಿಜಾ?" ಎಂದರು ಫ್ಲಾಮಾಂ.

ಬೊಕೆ ಕುರ್ಚಿಯ ಅಂಚಿಗೆ ಸರಿದ. ಹೊಸ ಟ್ರ್ಯಾಕ್ ಸೂಟು ಬೇರೆ. ಆ ಮುಖ ನೋಡಿ ನನ್ನ ಬಾಯಿಗೆ ಒಂದೇ ಮಾತು ಬಂತು: "ಯಾರೂ ಇಲ್ಲ, ನಾನೇ."

ನಿನಗೆ ಹೇಳಿದ್ದರೆ ನೀನು ಕೋರ್ಸು ಬಿಟ್ಟು ಮರುದಿನದ ರೈಲು ಹತ್ತುತ್ತಿದ್ದೆ. ನಿನ್ನನ್ನು ನನಗೆ ಗೊತ್ತಿಲ್ಲವಾ? ಇನ್ನೂ ಒಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ನೀನಾಗಿಯೇ ಊಹಿಸುತ್ತೀಯ ಎಂದು ಕಾದೆ. ಜಿನೆತ್ ಹಾಗೆ ಮಾಡುವವಳಲ್ಲ, ಎಲ್ಲೋ ಏನೋ ಆಗಿದೆ ಎಂದು ನೀನು ಬರೆಯುತ್ತೀಯ ಎಂದುಕೊಂಡೆ. ಬಂದದ್ದು ಆ ಕಾಗದ. ನಿಷೇಧವನ್ನು ನುಂಗಿಕೊಂಡೆ ಎದ್ವಿಜ್, ಹೊಟ್ಟೆಯುರಿ ಎಂದೆಯಲ್ಲ, ಅದು ಗಂಟಲಲ್ಲೇ ನಿಂತಿದೆ.

ಆದದ್ದಾಯಿತು. ಯಾರಿಗೂ ಏನೂ ಹೇಳಬೇಡ. ಹುಡುಗಿಯರಿಗೆ ಹೇಳಿದರೆ ಸಂಜೆ ಸೂಪು ಬಡಿಸುವ ಹೊತ್ತಿಗೆ ಕಮಿಟಿಗೆ ಮುಟ್ಟಿರುತ್ತದೆ. ಪರೀಕ್ಷೆ ಮುಗಿಸು, ಹದಿನೈದಕ್ಕೆ ಬಂದು ತಂಡದ ಹೆಸರನ್ನು ನೀನೇ ಓದು, ಗೆಲ್ಲಿಸು. ಸೋತರೆ ಕೆಳಗಿನ ದರ್ಜೆ, ಆಗ ಇದೆಲ್ಲ ದಂಡ.

ನಾನು ಆ ಹೊತ್ತಿಗೆ ಬೆರ್ಕ್‌ನಲ್ಲಿ ಅಕ್ಕನ ಮನೆಯಲ್ಲಿರುತ್ತೇನೆ. ಸಮುದ್ರದ ಗಾಳಿ ಬೇಕು ಅನ್ನಿಸಿದೆ. ಈಗೀಗ ಬ್ರೆಡ್ ತರಲು ಮೂರು ಬೀದಿ ಆಚೆಯ ಅಂಗಡಿಗೆ ನಡೆದು ಹೋಗುತ್ತೇನೆ, ಸೊಂಟಕ್ಕೆ ಒಳ್ಳೆಯದಂತೆ. ವಾಂಡಾಳ ಅಮ್ಮ ಈ ಈಸ್ಟರಿಗೆ ಕೇಕು ಮಾಡಲಿಲ್ಲವೇನೋ, ನಮಗೆ ಬರಲಿಲ್ಲ. ಉಳಿದಂತೆ ಎಲ್ಲ ಚೆನ್ನಾಗಿದೆ.

ಜಿನೆತ್

---

ಲಾಂಬ್ರೆಕೂರ್
ಸೋಮವಾರ, 16 ಮೇ

ಜಿನೆತ್,

ಬೆರ್ಕ್‌ನ ವಿಳಾಸವನ್ನು ರಾವುಲ್ ಕೊಟ್ಟ. ಬಾಗಿಲಲ್ಲೇ ನಿಲ್ಲಿಸಿ ಕೊಟ್ಟ, ಒಳಗೆ ಬಾ ಎನ್ನಲಿಲ್ಲ. ಸರಿಯಾಗೇ ಮಾಡಿದ.

ಜೋಸ್ಯಾನ್ ಕೆಲಸ ಮಾಡುವ ಬೇಕರಿ ನಿನ್ನ ಮನೆಯ ಮೂಲೆಯಲ್ಲಿದೆ. ಮೂರು ಬೀದಿ ಆಚೆ ಯಾಕೆ ಹೋಗುತ್ತೀಯ ಎಂದು ನನಗೆ ಅರ್ಥವಾಯಿತು, ಸೊಂಟದ ಕಥೆ ನನಗೆ ಹೇಳಬೇಡ. ಹುಡುಗಿಯರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆ. ಗೆದ್ದ ಪಂದ್ಯವನ್ನು ನಿನ್ನ ಹಟದಿಂದ ಕಳೆದೆ ಎಂದುಕೊಂಡಿದ್ದಾರೆ. ನೀನು ಅದನ್ನೂ ನುಂಗಿಕೊಂಡು ಕೂತೆ.

ಡಿಪ್ಲೊಮಾ ಬಂತು. ಇಪ್ಪತ್ನಾಲ್ಕರಲ್ಲಿ ಹದಿನೇಳನೆಯವಳು. ನಿನ್ನೆ ಹನ್ನೆರಡಕ್ಕೆ ರೈಲಿಳಿದು ಪೆಟ್ಟಿಗೆಯ ಸಮೇತ ಮೈದಾನಕ್ಕೆ ಹೋದೆ. ಎಲ್ಲರೂ ಬೂಟು ಕಟ್ಟುತ್ತಿದ್ದರು. ಬೊಕೆ ಚೆಂಡಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನನ್ನು ಆಚೆ ಕಳಿಸಬಹುದಿತ್ತು. ಕಳಿಸಲಿಲ್ಲ. ಕೇಳಿಸಿಕೊಳ್ಳಲಿ ಅನ್ನಿಸಿತು.

"ತಂಡ ಓದೋಕೆ ಮುಂಚೆ ಒಂದು ಮಾತು. ವಾಂಡಾನ ಆಡಿಸು ಅಂದಿದ್ದು ನಾನು. ಬರೆದು ಕಳಿಸಿದ್ದೆ. ಕಾಗದ ಮರೆತಿದ್ದೂ ನಾನು. ಬೇಡ ಅಂತ ಬರೆದದ್ದು ಜಿನೆತ್ ಕೈಗೆ ಪಂದ್ಯ ಆದಮೇಲೆ ಸಿಕ್ತು. ಅವಳದೇನೂ ತಪ್ಪಿಲ್ಲ" ಎಂದೆ.

ಜೋಸ್ಯಾನ್ ಎದ್ದಳು.

"ಇದನ್ನ ಈಗ ಹೇಳ್ತೀರಲ್ಲ! ಇನ್ನೊಂದು ಗಂಟೇಲಿ ಆಡ್ಬೇಕು ನಾವು. ಆಟ ಮುಗಿದ್ಮೇಲೆ ಹೇಳೋಕಾಗ್ತಿರ್ಲಿಲ್ವಾ?"

"ಆಗ್ತಿತ್ತು. ಗೆದ್ದಮೇಲೆ ಹೇಳಿದ್ರೆ ನೀವು ನಕ್ಕು ಬಿಟ್ಬಿಡ್ತಿದ್ರಿ. ನಂಗೆ ಅದು ಬೇಡ."

"ಹಂಗಾದ್ರೆ ಇಷ್ಟು ದಿನ ನಾವು ಅವ್ಳನ್ನ..." ಎಂದು ಜೋಸ್ಯಾನ್ ಅರ್ಧಕ್ಕೇ ನಿಲ್ಲಿಸಿ ಕೂತಳು. ಆ ಬಾಯಿ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು.

ವಾಂಡಾ ಮೂಲೆಯಲ್ಲಿ ಅಳುತ್ತಿದ್ದಳು. "ಅಮ್ಮ ಕೇಕು ಮಾಡಿದ್ರು. ನಾನೇ ಕೊಡಲ್ಲ ಅಂದೆ" ಎಂದಳು.

ಆಟ ಹೇಗೆ ನಡೆಯಿತು ಎಂದು ಕೇಳಬೇಡ. ಮೊದಲರ್ಧ ಎಲ್ಲರೂ ನಿದ್ದೆಯಲ್ಲಿ ನಡೆಯುವವರ ಹಾಗೆ ಓಡಾಡಿದರು, ನನ್ನಿಂದಲೇ. ಎರಡನೇ ಅರ್ಧದಲ್ಲಿ ಜೋಸ್ಯಾನ್ ಮೂಲೆಯಿಂದ ಒದ್ದ ಚೆಂಡು ಎದುರು ತಂಡದ ಹುಡುಗಿಯ ಕುಂಡೆಗೆ ಬಡಿದು ಒಳಗೆ ಹೋಯಿತು. ಒಂದು-ಸೊನ್ನೆ. ಮೊದಲ ದರ್ಜೆಯಲ್ಲಿ ಉಳಿದೆವು. ಯಾರೂ ಕುಣಿಯಲಿಲ್ಲ, ಸ್ನಾನ ಮಾಡಿ ಮನೆಗೆ ಹೋದರು.

ಬೊಕೆ ಅಧ್ಯಕ್ಷರ ಹತ್ತಿರ ಓಡುವ ಮುಂಚೆ ನಾನೇ ಹೋಗಿ ಹೇಳಿದೆ. ಬುಧವಾರ ಕಮಿಟಿ ಸೇರುತ್ತದೆ. ಸಂಘಕ್ಕೂ ಬರೆದಿದ್ದೇನೆ, ಈ ಸಲ ಮೇಲ್ಮನವಿಯಲ್ಲ, ನನ್ನ ಮೇಲೆ ನಾನೇ ಕೊಟ್ಟ ದೂರು, ಅದಕ್ಕೆ ನಿನ್ನ ಸಹಿ ಬೇಕಿಲ್ಲ. ಹೇಳಬೇಡ ಎಂದಿದ್ದೆ. ನಿನ್ನ ಮಾತು ಮೀರಿದೆ.

ಎದ್ವಿಜ್

---

ವೊಕ್‌ಲೇರ್
ಸೋಮವಾರ, 20 ಜೂನ್

ಜಿನೆತ್,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಆದರೂ ಬರೆಯುತ್ತೇನೆ.

ಕಮಿಟಿ ನನ್ನನ್ನು ಹತ್ತು ನಿಮಿಷವೂ ಕೂರಿಸಲಿಲ್ಲ. ಫ್ಲಾಮಾಂ ಅವರಿಗೆ ನಿಜವಾಗಿ ಬೇಸರವಾಗಿತ್ತು. "ಎರಡೂ ಷರತ್ತು ನಡೆಸಿಕೊಟ್ಟೆ ಮಗಳೇ, ಅದಕ್ಕೆ ಇಲ್ಲ ಅನ್ನಲ್ಲ. ಆದ್ರೆ ಸಂಘ ನಿನ್ನ ಮೇಲೆ ನಿಷೇಧ ಹಾಕುತ್ತೆ. ಬೆಂಚಲ್ಲಿ ಕೂರಕ್ಕಾಗದ ಮ್ಯಾನೇಜರ್ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದರು. ತಂಡ ಬೊಕೆಗೆ ಹೋಯಿತು. ಎದ್ದು ಬರುವಾಗ ಅಳಲಿಲ್ಲ. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಜೋರಾಗಿ ಅತ್ತೆ. ಹದಿನೇಳು ವರ್ಷ ಅಲ್ಲಿ ಇದ್ದವಳು ನಾನು.

ನಿಷೇಧ ಡಿಸೆಂಬರ್ ಕೊನೆಯವರೆಗೆ. ನಿನ್ನ ಮೇಲಿನದನ್ನು ಪೂರ್ತಿ ತೆಗೆದಿದ್ದಾರೆ, ಆ ಪತ್ರ ನಿನಗೂ ಬಂದಿರಬೇಕು. ಸೀಸನ್ ಮುಗಿದ ಮೇಲೆ ಬಂದರೇನು ಬಂತು. ನಿನ್ನ ಕೊನೆಯ ಪಂದ್ಯವನ್ನು ನಾನು ವಾಪಸ್ ಕೊಡಲಾರೆ. ಅದು ನನಗೆ ಗೊತ್ತಿದೆ.

ನಾನೀಗ ನಾರ್ಮಂಡಿಯಲ್ಲಿದ್ದೇನೆ. ಮೂರನೇ ದರ್ಜೆ, ಹದಿಮೂರು ಹುಡುಗಿಯರು, ಅರ್ಧಕ್ಕರ್ಧ ಚೀಸ್ ಕಾರ್ಖಾನೆಯವರು. ಮೈದಾನದ ಒಂದು ಮೂಲೆ ಇಳಿಜಾರು. ಕ್ಲಬ್ಬಿನ ಅಧ್ಯಕ್ಷೆ ಮದಾಂ ಲೆಕಾರ್ಪಾಂತಿಯೆ ವಿಧವೆ, ಹಂದಿ ಸಾಕುತ್ತಾರೆ. ನಿಷೇಧದ ಕಥೆಯನ್ನು ಮೊದಲೇ ಹೇಳಿದೆ. "ಡಿಸೆಂಬರ್ ತನಕ ಕಟಾಂಜನದ ಆಚೆ ನಿಂತು ಕೂಗಿಯಮ್ಮ. ನಿಮ್ಮ ಗಂಟಲು ನೋಡಿದ್ರೆ ಸಾಕಾಗುತ್ತೆ ಅನ್ಸುತ್ತೆ" ಎಂದರು. ಜನವರಿಯಿಂದ ಹಾಳೆಯ ಮೇಲೆ ನನ್ನ ಹೆಸರು.

ಗೋಲ್‌ಕೀಪರುಗಳು ಇಬ್ಬರಿದ್ದಾರೆ. ಒಬ್ಬಳು ಚೆಂಡು ಬಂದರೆ ಕಣ್ಣು ಮುಚ್ಚುತ್ತಾಳೆ, ಇನ್ನೊಬ್ಬಳು ಎಡಕ್ಕೆ ಬೀಳಲು ಹೆದರುತ್ತಾಳೆ. ಅವರಿಗೆ ಹೇಳಿಕೊಡಲು ನನಗೆ ಬರುವುದಿಲ್ಲ. ಶನಿವಾರ, ಭಾನುವಾರ ನೀನು ಬರುತ್ತೀಯಾ ಎಂದು ಕೇಳಲು ನನಗೆ ಯಾವ ಹಕ್ಕೂ ಇಲ್ಲ, ಆದರೂ ಕೇಳುತ್ತಿದ್ದೇನೆ. ಅದಕ್ಕಿಂತ ಮೊದಲು ಇನ್ನೊಂದನ್ನು ಕೇಳಬೇಕು. ನನ್ನನ್ನು ಕ್ಷಮಿಸಿದೆಯಾ?

ಎದ್ವಿಜ್

---

ಲಾಂಬ್ರೆಕೂರ್
ಭಾನುವಾರ, 10 ಜುಲೈ

ಎದ್ವಿಜ್,

ತಡವಾಯಿತು. ಮೊನ್ನೆಯವರೆಗೂ ಬರೆಯುವ ಮನಸ್ಸಿರಲಿಲ್ಲ, ಅದಕ್ಕೆ.

ಬೆರ್ಕ್‌ನಿಂದ ವಾಪಸ್ ಬಂದು ವಾರವಾಗಿತ್ತು. ಹೋದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಲೂಗೆಡ್ಡೆ ಕರಿಯೋಣ ಎಂದು ಬುಟ್ಟಿ ಎಳೆದುಕೊಂಡು ಕೂತಿದ್ದೆ. ಯಾರೋ ಬಾಗಿಲು ತಟ್ಟಿದರು. ಜೋಸ್ಯಾನ್. ಅವಳ ಹಿಂದೆ ವಾಂಡಾ, ಅವಳ ಹಿಂದೆ ಉಳಿದವರೆಲ್ಲ, ಮೆಟ್ಟಿಲ ಮೇಲೆ ಬೀದಿಯವರೆಗೂ. ನನ್ನ ಅಡುಗೆಮನೆ ನೀನು ನೋಡಿದ್ದೀಯ, ನಾಲ್ಕು ಜನ ನಿಂತರೆ ಐದನೆಯವರು ಕಿಟಕಿಯಲ್ಲಿ ಕೂರಬೇಕು.

ಯಾರೂ ಕ್ಷಮಿಸು ಎನ್ನಲಿಲ್ಲ. ಜೋಸ್ಯಾನ್ ಡ್ರಾಯರ್ ಎಳೆದು ಚಾಕು ತೆಗೆದು, ಬುಟ್ಟಿಯಿಂದ ಒಂದು ಆಲೂಗೆಡ್ಡೆ ಎತ್ತಿಕೊಂಡು ಸಿಪ್ಪೆ ಸುಲಿಯಲು ಕೂತಳು. ವಾಂಡಾ ಇನ್ನೊಂದು ತೆಗೆದುಕೊಂಡಳು. ಚಾಕು ಸಾಲದೆ ರಾವುಲ್ ಪಕ್ಕದ ಮನೆಗೆ ಹೋಗಿ ಕೇಳಿ ತಂದ. ತಿಂಗಳಿಗೆಂದು ತಂದಿಟ್ಟಿದ್ದ ಇಡೀ ಮೂಟೆಯನ್ನು ಸುಲಿದು ಹಾಕಿದರು ಆ ಮುಂಡೇವು. ನಾನು ಎಣ್ಣೆಯ ಬಾಣಲೆಯ ಕಡೆ ಮುಖ ಮಾಡಿ ನಿಂತು, ಹೊಗೆ ಕಣ್ಣಿಗೆ ಹೋಯಿತು ಎಂದು ಅತ್ತೆ. ಮೂರು ಗಂಟೆಯವರೆಗೂ ತಿಂದರು.

ಹೋಗುವಾಗ ಜೋಸ್ಯಾನ್, "ನಾಳೆಯಿಂದ ಬ್ರೆಡ್ ನಮ್ಮಂಗಡೀಲೇ ತಗೋ. ಆ ಕಡೆ ಅಂಗಡಿದು ಇಟ್ಟಿಗೆ ಇದ್ದಂಗಿರುತ್ತೆ" ಎಂದಳು. ಅಷ್ಟೇ.

ನೀನು ಆ ಕೋಣೆಯಲ್ಲಿ ನಿಂತು ಹೇಳದಿದ್ದರೆ ಇವರು ಬರುತ್ತಿರಲಿಲ್ಲ. ಹೇಳಬೇಡ ಎಂದು ನಾನು ಬರೆದಾಗ ಕೈ ಬೇಡ ಎಂದಿತ್ತು, ಒಳಗೆಲ್ಲ ಹೇಳು ಹೇಳು ಎಂದು ಬಡಿದುಕೊಳ್ಳುತ್ತಿತ್ತು. ನಿನಗೆ ಅದು ಕೇಳಿಸಿತಲ್ಲ. ಅದಕ್ಕಾಗಿ ನೀನು ಏನು ಕಳೆದುಕೊಂಡೆ ಎಂದೂ ನನಗೆ ಗೊತ್ತು.

ಬೊಕೆ ಕರೆದಿದ್ದ, ಇನ್ನೊಂದು ವರ್ಷ ಗೋಲಿನಲ್ಲಿ ನಿಲ್ಲು ಎಂದು. ಒಲ್ಲೆ ಎಂದೆ.

ಕ್ಷಮಿಸಿದೆಯಾ ಎಂದು ಕೇಳಿದ್ದೀಯ. ಇಲ್ಲ. ಇನ್ನೂ ಇಲ್ಲ. ಹೊಟ್ಟೆಯುರಿ ಎಂದ ಮಾತು ರಾತ್ರಿ ಮಗ್ಗುಲು ಬದಲಿಸಿದಾಗ ಇನ್ನೂ ಚುಚ್ಚುತ್ತದೆ. ಆಗುತ್ತದೋ ಇಲ್ಲವೋ, ಯಾವಾಗ ಆಗುತ್ತದೋ ನನಗೇ ಗೊತ್ತಿಲ್ಲ, ಸುಳ್ಳು ಹೇಳುವುದಿಲ್ಲ.

ಆದರೆ ಎಡಕ್ಕೆ ಬೀಳಲು ಹೆದರುವ ಹುಡುಗಿಗೆ ಮೊದಲು ಕೂತಲ್ಲಿಂದ ಬೀಳುವುದನ್ನು ಕಲಿಸಬೇಕು, ಆಮೇಲೆ ಮಂಡಿಯೂರಿ, ಆಮೇಲೆ ನಿಂತು. ನೀನು ನಿಂತೇ ಬೀಳಿಸುತ್ತಿರುತ್ತೀಯ, ಭುಜ ಮುರಿಯುತ್ತೀಯ ಆ ಮಗುವಿನದು. ನಾನು ಬರುವವರೆಗೆ ಅವಳನ್ನು ಮುಟ್ಟಬೇಡ. ಶನಿವಾರ ಬೆಳಿಗ್ಗೆಯ ರೈಲು ಹಿಡಿಯುತ್ತೇನೆ.

ಜಿನೆತ್